ಅರಳು ಮರಳೆಂದು ಬಿಡಬೇಡಿ: ಮುಪ್ಪಿನ ಮರೆವಿಗೂ ತಪಾಸಣೆ ಉಂಟು



ಭತ್ತದ ಸಸಿಮಡಿ, ಬಾಳೆಯ ಗೊಬ್ಬರ, ಕೂಳೆ ಕಬ್ಬು, ಇವುಗಳ ವಿಚಾರ ಬರೆಯುವುದೇ ಈ ಪುಟದಲ್ಲಿ ನನ್ನ ವಾಡಿಕೆ. ನಾನು ಓದಿದ್ದು ಕೃಷಿ ಡಿಪ್ಲೊಮ, ವೈದ್ಯಶಾಸ್ತ್ರವಲ್ಲ. ಆದರೂ ಈ ಸಂಚಿಕೆಯಲ್ಲಿ ಮನುಷ್ಯರ ನೆನಪಿನ ವಿಚಾರವನ್ನು ತಮ್ಮ ಮುಂದಿಡುತ್ತಿದ್ದೇನೆ. ಹೊಲದ ಕೆಲಸದ ನಿಮಿತ್ತ ಯಾವ ಮನೆಗೆ ಹೋದರೂ ಕಟ್ಟೆಯ ಮೇಲೆ ಕುಳಿತ ಹಿರಿಯರನ್ನೇ ಮೊದಲು ಮಾತನಾಡಿಸುವುದು ನಮ್ಮ ಕಡೆಯ ಮರ್ಯಾದೆ. "ತಾತಾ, ಗೊಬ್ಬರ ಹಾಕಿ ಎಷ್ಟು ದಿನ ಆತು?" ಎಂದು ಕೇಳಿದರೆ ಕೆಲವರು ಉತ್ತರ ಕೊಡದೆ ಮಗನ ಮುಖ ನೋಡುತ್ತಾರೆ. ಮಗ ನಗುತ್ತಾ, "ಬಿಡ್ರೀ, ನಮ್ಮಪ್ಪಗ ಅರಳು ಮರಳು" ಎಂದುಬಿಡುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಎಮ್ಮೆ ಎರಡು ದಿನ ಮೇವು ಬಿಟ್ಟರೆ ಪಶುವೈದ್ಯರನ್ನು ಹುಡುಕಿಕೊಂಡು ಹೋಗುವ ಮನೆಯವರೇ, ತಂದೆ ಎರಡು ವರ್ಷದಿಂದ ಹಣದ ಲೆಕ್ಕ ತಪ್ಪುತ್ತಿದ್ದರೂ ಯಾರಿಗೂ ತೋರಿಸಿರುವುದಿಲ್ಲ.

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನಮ್ಮಲ್ಲಿ ಹಳೆಯದು. ಗಾದೆಗಳಲ್ಲಿ ಅನುಭವವಿರುತ್ತದೆ, ಒಪ್ಪೋಣ. ಆದರೆ ಈ ಗಾದೆಯ ಲೆಕ್ಕ ಸರಿಯಿಲ್ಲ. ದೇಶದಲ್ಲಿ 60 ವರ್ಷ ದಾಟಿದವರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಅವರಲ್ಲಿ 100ಕ್ಕೆ 7.4 ಮಂದಿಗೆ ಮರೆವಿನ ರೋಗವಿದೆ. ಒಟ್ಟು ಸುಮಾರು 88 ಲಕ್ಷ ಜನ. ಅಂದರೆ 100 ಮಂದಿ ಹಿರಿಯರಲ್ಲಿ 92 ಮಂದಿಗಿಂತ ಹೆಚ್ಚಿನವರಿಗೆ ಈ ರೋಗವಿಲ್ಲ. ವಯಸ್ಸಾದ ಮಾತ್ರಕ್ಕೆ ಬುದ್ಧಿ ಕೆಡುವುದಾದರೆ ಎಲ್ಲರಿಗೂ ಕೆಡಬೇಕಾಗಿತ್ತು. ಕೆಲವರಿಗೆ ಮಾತ್ರ ಕೆಡುತ್ತದೆಂದ ಮೇಲೆ ಅದು ರೋಗವೇ ಹೊರತು ವಯಸ್ಸಿನ ಗುಣವಲ್ಲ. ಇದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯನ್ನು ಹಳ್ಳಿಯವರು ಗಮನಿಸಬೇಕು. ಪಟ್ಟಣದಲ್ಲಿ 100ಕ್ಕೆ 5.3 ಆದರೆ ಹಳ್ಳಿಯಲ್ಲಿ 8.4, ಗಂಡಸರಲ್ಲಿ 5.8 ಆದರೆ ಹೆಂಗಸರಲ್ಲಿ 9. ಶಾಲೆಯ ಮುಖ ನೋಡದೆ ಬೆಳೆದವರಲ್ಲಿ ಈ ರೋಗ ಹೆಚ್ಚು. ನಮ್ಮ ಹಳ್ಳಿಗಳ ಅಜ್ಜಿಯರಲ್ಲಿ ಶಾಲೆಗೆ ಹೋದವರು ಎಷ್ಟು ಮಂದಿ ಎಂಬುದನ್ನು ತಾವೇ ಬಲ್ಲಿರಿ.

ಹಳದಿ ಎಲೆಗೆ ಕಾರಣ ಒಂದೇ ಅಲ್ಲ

ಗದ್ದೆಯಲ್ಲಿ ಭತ್ತದ ಎಲೆ ಹಳದಿಯಾಯಿತೆನ್ನಿ. ಸಾರಜನಕ ಸಾಲದೆ ಹಾಗಾಗಿರಬಹುದು. ಸತುವಿನ ಕೊರತೆ ಇರಬಹುದು. ನೀರು ನಿಂತು ಬೇರಿಗೆ ಉಸಿರುಕಟ್ಟಿರಬಹುದು. ಹುಳುವಿನ ಕಾಟವೂ ಇರಬಹುದು. ಕಣ್ಣಿಗೆ ಕಾಣುವ ಬಣ್ಣ ಒಂದೇ, ಕಾರಣ ಬೇರೆ ಬೇರೆ. ಕಾರಣ ತಿಳಿಯದೆ ಯೂರಿಯಾ ಎರಚಿದರೆ ದುಡ್ಡು ಹೋಗುತ್ತದೆ, ಬೆಳೆ ಉಳಿಯುವುದಿಲ್ಲ. ಹಿರಿಯರ ಮರೆವೂ ಹೀಗೆಯೇ.

ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಮಂದವಾದರೆ ಬುದ್ಧಿಯೂ ಮಂದವಾಗುತ್ತದೆ. ಹಾಲು, ಮೊಟ್ಟೆ, ಮಾಂಸ ಕಡಮೆ ತಿನ್ನುವವರಲ್ಲಿ ಬಿ-12 ಎಂಬ ಜೀವಸತ್ವ ಇಳಿದರೆ ಮರೆವು, ಪಾದಗಳಲ್ಲಿ ಜೋಮು, ನಡಿಗೆಯಲ್ಲಿ ತೂರಾಟ ಬರುತ್ತವೆ. ಗಂಡ ತೀರಿಕೊಂಡ ಮೇಲೆ ಮೂಲೆ ಹಿಡಿದ ಅಜ್ಜಿಗೆ ಮರೆವಿನ ರೋಗವೇ ಬಂದಿತೆಂದು ಹೇಳಲಾಗದು. ಮನಸ್ಸಿನ ಖಿನ್ನತೆಯಲ್ಲಿಯೂ ಜನ ಏನು ಕೇಳಿದರೂ "ನನಗೆ ಗೊತ್ತಿಲ್ಲ" ಎನ್ನುವುದುಂಟು. ನಿದ್ರೆಯ ಗುಳಿಗೆ, ಕೆಲವು ನೆಗಡಿ ಮತ್ತು ತುರಿಕೆಯ ಗುಳಿಗೆಗಳು ಮುದುಕರ ಬುದ್ಧಿಯನ್ನು ಮಸುಕು ಮಾಡುತ್ತವೆ. ದಿನವೂ ಕುಡಿಯುವ ಚಟವಂತೂ ಸರಿಯೇ ಸರಿ. ಬಚ್ಚಲಿನಲ್ಲಿ ಜಾರಿ ತಲೆಗೆ ಪೆಟ್ಟಾದವರಿಗೆ ಕೆಲವು ವಾರಗಳ ಮೇಲೆ ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಸೇರಿ ಮರೆವು, ತೂಕಡಿಕೆ ಕಾಣಿಸಿಕೊಳ್ಳಬಹುದು. ಕಿವಿ ಕೇಳಿಸದವನಿಗೆ ಪ್ರಶ್ನೆಯೇ ಮುಟ್ಟಿರುವುದಿಲ್ಲ. ನಾವು ಅವನಿಗೆ ಉತ್ತರ ಮರೆತಿದೆ ಎಂದುಕೊಳ್ಳುತ್ತೇವೆ.

ಮೇಲೆ ಹೇಳಿದ ಬಹುಪಾಲು ಕಾರಣಗಳಿಗೆ ಚಿಕಿತ್ಸೆಯುಂಟು. ಸಕಾಲದಲ್ಲಿ ಕಂಡುಹಿಡಿದರೆ ಕೆಲವರು ಮೊದಲಿನಂತೆಯೇ ಆಗುತ್ತಾರೆ. ಅರಳು ಮರಳೆಂಬ ಒಂದೇ ಮಾತಿನಲ್ಲಿ ಮೂಲೆಗೆ ಕೂರಿಸಿದರೆ ಇವರೂ ಮೂಲೆಯಲ್ಲೇ ಉಳಿದರು. ತಪಾಸಣೆಯ ಮೊದಲ ಪ್ರಯೋಜನ ಇದು.

ಇವೆಲ್ಲವನ್ನೂ ಬಿಟ್ಟ ಮೇಲೆ ಉಳಿಯುವುದು ನಿಜವಾದ ಮರೆವಿನ ರೋಗ. ವೈದ್ಯರು ಇದಕ್ಕೆ ಡಿಮೆನ್ಶಿಯ ಎನ್ನುತ್ತಾರೆ. ಇದರಲ್ಲಿಯೂ ಬಗೆಗಳಿವೆ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯ್ಸ್ ಅಲ್‌ಜೈಮರ್ ವಿವರಿಸಿದ ರೋಗವೇ ಎಲ್ಲಕ್ಕಿಂತ ಸಾಮಾನ್ಯ. ಇದರಲ್ಲಿ ಮೆದುಳಿನ ಜೀವಕೋಶಗಳು ವರ್ಷದಿಂದ ವರ್ಷಕ್ಕೆ ಕೃಶವಾಗುತ್ತವೆ. ಇನ್ನೊಂದು, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯಿಂದ ಮೆದುಳಿನ ರಕ್ತನಾಳಗಳು ಕೆಟ್ಟು ಬರತಕ್ಕದ್ದು. ಕಾಲುವೆಯ ತೂಬು ಹೂಳು ತುಂಬಿ ಮುಚ್ಚಿದರೆ ಆ ತೂಬಿನ ಕೆಳಗಿನ ಮಡಿ ಒಣಗುವುದಿಲ್ಲವೆ, ಹಾಗೆ. ಅನೇಕ ಮುದುಕರಲ್ಲಿ ಎರಡೂ ಕೂಡಿಯೇ ಇರುತ್ತವೆ.

ನಿನ್ನೆ ಮೊನ್ನೆ ಚೆನ್ನಾಗಿದ್ದವರು ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಬಡಬಡಿಸತೊಡಗಿದರೆ ಅದನ್ನು ಮರೆವಿನ ರೋಗವೆಂದು ತಿಳಿಯಕೂಡದು. ಜ್ವರ, ಮೂತ್ರದ ಸೋಂಕು, ನ್ಯುಮೋನಿಯ, ಸಕ್ಕರೆ ಇಳಿಯುವುದು, ಲಕ್ವ ಯಾವುದಾದರೂ ಇದ್ದೀತು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಡಿಮೆನ್ಶಿಯ ತಿಂಗಳುಗಟ್ಟಲೆ ವರ್ಷಗಟ್ಟಲೆ ತೆವಳಿ ಬರತಕ್ಕದ್ದು, ಒಂದು ರಾತ್ರಿಯಲ್ಲಿ ಬರುವುದಲ್ಲ.

ನಮ್ಮ ಜಿಲ್ಲೆಯಲ್ಲಿಯೇ ಮೊದಲಾದ ಕೆಲಸ

ಬುದ್ಧಿ, ಮನಸ್ಸುಗಳ ಕಾಯಿಲೆಗೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಏನಿದೆ, ಅದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕಷ್ಟೆ ಎಂದು ಕೆಲವರು ಹೇಳುತ್ತಾರೆ. ಹಾಗೆನ್ನುವವರಿಗೆ ನಮ್ಮ ಸೀಮೆಯ ಚರಿತ್ರೆಯನ್ನೇ ನೆನಪಿಸಬೇಕು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದಾಗ, ಒಂದು ಇಡೀ ಜಿಲ್ಲೆಯಲ್ಲಿ ಇದು ನಡೆಯುತ್ತದೆಯೇ ಎಂಬ ಸಂದೇಹ ದೇಶಕ್ಕೆಲ್ಲ ಇತ್ತು. ಅದನ್ನು ಮಾಡಿ ತೋರಿಸಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. 1985ರಿಂದ 1990ರವರೆಗೆ, ಸುಮಾರು 20 ಲಕ್ಷ ಜನರಿದ್ದ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಔಷಧಿಯನ್ನು ಕೇಂದ್ರಗಳಲ್ಲಿಯೇ ಸಿಗುವಂತೆ ಮಾಡಿದರು. ಕಠಿನವಾದ ರೋಗಿಗಳನ್ನು ನೋಡಲು ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರನ್ನು ಇಟ್ಟರು. ಹೊಸಪೇಟೆ, ಸಂಡೂರು, ಕಂಪ್ಲಿ ಎಲ್ಲವೂ ಆಗ ಆ ಜಿಲ್ಲೆಗೇ ಸೇರಿದ್ದುವು. ವಿಜಯನಗರ ಜಿಲ್ಲೆ ಬೇರೆಯಾದದ್ದು 2021ರಲ್ಲಿ. ಆಗಿನ ಗಮನವೆಲ್ಲ ತೀವ್ರ ಮನೋರೋಗ, ಮೂರ್ಛೆ ರೋಗ ಮೊದಲಾದುವುಗಳ ಮೇಲೆ ಇತ್ತು, ಮುಪ್ಪಿನ ಮರೆವಿನ ಮೇಲಲ್ಲ. ಆದರೆ ದಾರಿ ಅದೇ. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶದಲ್ಲಿ ಆರಂಭಿಸಿದಾಗ ಮೇಲ್ಪಂಕ್ತಿಯಾಗಿ ಇಟ್ಟುಕೊಂಡದ್ದು ಇದನ್ನೇ. ಇಂದಿಗೂ ವೈದ್ಯಗ್ರಂಥಗಳಲ್ಲಿ ಇದಕ್ಕೆ ಬಳ್ಳಾರಿ ಮಾದರಿ ಎಂದೇ ಹೆಸರು. ಗಣಿ ಮತ್ತು ಬಿಸಿಲಿಗೆ ಮಾತ್ರ ನಮ್ಮ ಜಿಲ್ಲೆಯ ಹೆಸರು ಹೇಳುವವರಿಗೆ ಇದನ್ನೂ ತಿಳಿಸಬಹುದು.

ಆಶಾ ಕಾರ್ಯಕರ್ತೆಯ ನಾಲ್ಕು ಪ್ರಶ್ನೆ

ಈಗ ಆಶಾ ಕಾರ್ಯಕರ್ತೆ 30 ವರ್ಷ ದಾಟಿದವರ ಬಗ್ಗೆ ಒಂದು ನಮೂನೆಯನ್ನು ತುಂಬಿಸಿಕೊಳ್ಳುತ್ತಾರೆ. ತಂಬಾಕು, ಕುಡಿತ, ಸೊಂಟದ ಸುತ್ತಳತೆ ಎಲ್ಲ ಅದರಲ್ಲಿ ಬರುತ್ತವೆ. ಆಕೆ ಬಂದಾಗ "ಎಲ್ಲಾ ಚೆನ್ನಾಗಿದೀವಿ, ಬರ್ಕೊಳ್ರಿ" ಎಂದು ಬಾಗಿಲಿನಿಂದಲೇ ಕಳುಹಿಸುವವರು ಬಹಳ. ಅದೇ ಕಾಗದದಲ್ಲಿ 60 ವರ್ಷ ದಾಟಿದವರಿಗೆಂದು ನಾಲ್ಕು ಪ್ರಶ್ನೆಗಳಿವೆ. ನಿಂತಾಗ ನಡೆಯುವಾಗ ತೂರಾಡಿದಂತಾಗುತ್ತದೆಯೆ? ಓಡಾಟಕ್ಕೆ ಅಡ್ಡಿಯಾಗುವ ಅಂಗದ ತೊಂದರೆ ಇದೆಯೆ? ಊಟ, ಬಟ್ಟೆ, ಸ್ನಾನ, ಶೌಚ ಮೊದಲಾದ ದಿನನಿತ್ಯದ ಕೆಲಸಕ್ಕೆ ಬೇರೆಯವರ ನೆರವು ಬೇಕಾಗುತ್ತದೆಯೆ? ಹತ್ತಿರದವರ ಹೆಸರನ್ನಾಗಲಿ ಸ್ವಂತ ಮನೆಯ ವಿಳಾಸವನ್ನಾಗಲಿ ಮರೆಯುತ್ತೀರಾ? ಯಾವುದಕ್ಕಾದರೂ ಹೌದೆಂಬ ಉತ್ತರ ಬಂದರೆ ಅವರನ್ನು ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು.

ನಾಲ್ಕನೆಯ ಪ್ರಶ್ನೆಯೇ ನಮ್ಮ ವಿಷಯ. ಆದರೆ ಅದನ್ನು ಕೇಳುವ ರೀತಿಯಲ್ಲಿ ಒಂದು ಕೊರತೆಯಿದೆ ಎಂಬುದು ನನ್ನ ಅಭಿಪ್ರಾಯ. ಮರೆಯುತ್ತೀರಾ ಎಂದು ಮರೆತವರನ್ನೇ ಕೇಳಿದರೆ ಅವರು ಏನೆಂದಾರು? ಮರೆವಿನ ರೋಗ ಬಂದವರಲ್ಲಿ ಬಹಳ ಮಂದಿಗೆ ತಾವು ಮರೆಯುತ್ತಿರುವುದೇ ತಿಳಿಯದು. ಇನ್ನು ಹೆಂಡತಿ ಮಕ್ಕಳ ಹೆಸರು ಮರೆಯುವುದು ರೋಗ ಬಲಿತ ಮೇಲೆ ಬರುವ ಚಿಹ್ನೆ. ಅಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ಆದುದರಿಂದ ಆಶಾ ಕಾರ್ಯಕರ್ತೆ ಬಂದಾಗ ಹಿರಿಯರ ಜೊತೆ ಊಟ ತಿಂಡಿ ನೋಡಿಕೊಳ್ಳುವ ಸೊಸೆಯೋ ಮಗಳೋ ಹತ್ತಿರ ಕುಳಿತು, ಕಂಡದ್ದನ್ನು ಕಂಡಂತೆ ಹೇಳಬೇಕು. ಎದುರಿಗೆ ಹೇಳಲು ಸಂಕೋಚವಾದರೆ ಆಕೆಯನ್ನು ಕರೆದು ಅಡಿಗೆಮನೆಯಲ್ಲಿ ಹೇಳಿದರೂ ಆಯಿತು.

ಇದೊಂದು ಜರಡಿ ಎಂಬುದನ್ನು ಮಾತ್ರ ಮರೆಯಬಾರದು. ಜರಡಿಯಲ್ಲಿ ಉಳಿದದ್ದೆಲ್ಲ ಕಲ್ಲಲ್ಲ. ದಪ್ಪ ಕಾಳೂ ಉಳಿದಿರುತ್ತದೆ. ಕೆಳಗೆ ಬಿದ್ದದ್ದೆಲ್ಲ ಶುದ್ಧವೂ ಅಲ್ಲ. ಆಶಾ ಕಾರ್ಯಕರ್ತೆ ಗುರುತು ಹಾಕಿದಳೆಂದರೆ ರೋಗವಿದೆಯೆಂದು ಅರ್ಥವಲ್ಲ, ವೈದ್ಯರು ನೋಡಬೇಕಾಗಿದೆ ಎಂದಷ್ಟೇ ಅರ್ಥ. ಗುರುತು ಹಾಕಿದ ಮಾತ್ರಕ್ಕೆ ಊರೆಲ್ಲ ಹುಚ್ಚು ಎಂದು ಹಬ್ಬಿಸುವುದು ಮಹಾಪರಾಧ.

ಓದಿದವರ ಅಳತೆಗೋಲು ಓದದವರಿಗೆ ಸಲ್ಲದು

ಆರೋಗ್ಯ ಕೇಂದ್ರದಲ್ಲಿಯೋ ಜಿಲ್ಲಾ ಆಸ್ಪತ್ರೆಯಲ್ಲಿಯೋ ಬುದ್ಧಿಯ ಪರೀಕ್ಷೆ ಮಾಡುವಾಗ ಕೆಲವು ಪ್ರಶ್ನೆಗಳನ್ನು ಕೇಳಿ ಅಂಕ ಹಾಕುತ್ತಾರೆ. ಲೋಕದಲ್ಲೆಲ್ಲ ಬಳಕೆಯಲ್ಲಿರುವ 30 ಅಂಕದ ಒಂದು ಪರೀಕ್ಷೆಯನ್ನು 1975ರಲ್ಲಿ ಅಮೆರಿಕದಲ್ಲಿ ಮಾಡಿದರು. ಈ ದಿನ ಎಷ್ಟನೇ ತಾರೀಖು, 100ರಿಂದ 7 ಕಳೆಯುತ್ತಾ ಹೋಗಿ, ಇಲ್ಲಿ ಬರೆದಿರುವುದನ್ನು ಓದಿ ಅದರಂತೆ ಮಾಡಿ, ಒಂದು ವಾಕ್ಯ ಬರೆಯಿರಿ, ಈ ಚಿತ್ರವನ್ನು ನೋಡಿ ಬಿಡಿಸಿ, ಎಂಬ ಬಗೆಯವು. ಇನ್ನು ಕೆಲವು ಪರೀಕ್ಷೆಗಳಲ್ಲಿ ಗಡಿಯಾರದ ಮುಖವನ್ನು ಬರೆಯಲು ಹೇಳುತ್ತಾರೆ. ಪೆನ್ನನ್ನೇ ಹಿಡಿಯದ ಅಜ್ಜಿಗೆ ಈ ಪರೀಕ್ಷೆ ಕೊಟ್ಟರೆ ಏನಾದೀತು? ನೂರು ಎಕರೆಗೆ ಸಾಕಾಗುವಷ್ಟು ಬುದ್ಧಿ ಇದ್ದರೂ ಸೊನ್ನೆ ಅಂಕ ಬರುತ್ತದೆ. ಇತ್ತ, ನಿವೃತ್ತ ಮೇಷ್ಟರಿಗೆ ರೋಗ ಹತ್ತಿದ್ದರೂ ಮೊದಮೊದಲು 30ಕ್ಕೆ 27 ಬಂದು ಏನೂ ಇಲ್ಲವೆನಿಸಬಹುದು.

ಈ ತೊಡಕನ್ನು ಬಿಡಿಸಿದ್ದು ನಮ್ಮಂಥದೇ ಒಂದು ಗ್ರಾಮೀಣ ಬ್ಲಾಕಿನಲ್ಲಿ ಎಂಬುದು ಸಂತೋಷದ ಸಂಗತಿ. ಹರಿಯಾಣದ ಬಲ್ಲಭಗಢದಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಅಕ್ಷರ ಬಾರದ ರೈತರಿಗೆ ಹೊಂದುವಂತೆ ಪರೀಕ್ಷೆಯನ್ನು ತಿದ್ದಿ, 1995ರಲ್ಲಿ ಪ್ರಕಟಿಸಿದರು. ಗಂಟೆ ಎಷ್ಟೆನ್ನುವ ಬದಲು ಈಗ ಬೆಳಗೋ ಮಧ್ಯಾಹ್ನವೋ ಸಂಜೆಯೋ ಎಂದು ಕೇಳುವುದು. ಓದಿ ಕಣ್ಣು ಮುಚ್ಚಿ ಎನ್ನುವ ಬದಲು ನನ್ನ ಮುಖ ನೋಡಿ ನಾನು ಮಾಡಿದಂತೆ ಮಾಡಿ ಎಂದು ಕಣ್ಣು ಮುಚ್ಚಿ ತೋರಿಸುವುದು. ವಾಕ್ಯ ಬರೆಯಿರಿ ಎನ್ನುವ ಬದಲು ನಿಮ್ಮ ಮನೆಯ ವಿಷಯ ಒಂದು ಮಾತು ಹೇಳಿ ಎನ್ನುವುದು. ಅಲ್ಲಿಯೇ ಮನೆಯವರನ್ನು ಕೇಳುವ ಇನ್ನೊಂದು ಪಟ್ಟಿಯನ್ನೂ ಮಾಡಿದರು. ಉಂಡ ಮೇಲೆ ಉಂಡಿಲ್ಲವೆನ್ನುತ್ತಾರೆಯೆ, ಸ್ವಂತ ಊರಿನಲ್ಲಿ ದಾರಿ ತಪ್ಪುತ್ತಾರೆಯೆ, ಮನೆಯ ಮುಖ್ಯ ವಿಷಯಗಳಲ್ಲಿ ಮಾತು ಹೇಳುತ್ತಾರೆಯೆ, ಇಂಥವು. ಅಕ್ಷರ ಬರಲಿ ಬಿಡಲಿ, ಇವು ಎಲ್ಲರಿಗೂ ಸಲ್ಲತಕ್ಕವು.

ಭಾಷೆಯ ಪ್ರಶ್ನೆ ನಮ್ಮ ಕಡೆ ಇನ್ನೂ ದೊಡ್ಡದು. ಹೊಸಪೇಟೆಯ ಬೀದಿಯಲ್ಲಿ ಕನ್ನಡ, ಉರ್ದು, ತೆಲುಗು ಮೂರೂ ನಡೆಯುತ್ತವೆ. ಕಂಪ್ಲಿಯ ಸುತ್ತಿನ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು. ಸಂಡೂರಿನ ತಾಂಡಾಗಳಲ್ಲಿ ಲಂಬಾಣಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಭಾಷೆಗಳಲ್ಲಿ ಈ ಪರೀಕ್ಷೆಗಳನ್ನು ಸಿದ್ಧಪಡಿಸಿದ್ದಾರೆ. ಆ ಪಟ್ಟಿಯಲ್ಲಿ ಲಂಬಾಣಿ ಇಲ್ಲ. ತಾಂಡಾದ ಅಜ್ಜಿಯನ್ನು ಕರೆದೊಯ್ಯುವಾಗ ಆಕೆಯ ಮಾತು ಬಲ್ಲ ಮಗಳೋ ಮೊಮ್ಮಗಳೋ ಜೊತೆಯಲ್ಲಿರಲೇಬೇಕು. "ಇವರಿಗೆ ಕನ್ನಡ ಸಂತೆ ವ್ಯಾಪಾರದಷ್ಟೇ ಬರುತ್ತದೆ" ಎಂದು ವೈದ್ಯರಿಗೆ ಮೊದಲೇ ತಿಳಿಸಬೇಕು. ವಯಸ್ಸಾದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ಮನೆಮಾತು ಉಳಿಯುವುದೂ ಉಂಟು.

ಎರಡು ಮೂರು ಭಾಷೆ ಆಡುವುದು ನಷ್ಟವೇನಲ್ಲ ಎಂಬುದಕ್ಕೆ ಹೈದರಾಬಾದಿನ ಒಂದು ಅಧ್ಯಯನವಿದೆ. ಡಾಕ್ಟರ್ ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು 648 ಮಂದಿ ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಬರೆದ ಪ್ರಕಾರ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ರೋಗ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೆ ಹೋಗದವರಲ್ಲಿಯೂ ಹಾಗೆಯೇ. ಇದನ್ನು ಎಲ್ಲ ವಿದ್ವಾಂಸರೂ ಒಪ್ಪಿದ್ದಾರೆಂದಲ್ಲ. ಆದರೂ ನಮ್ಮ ಸಂತೆಯಲ್ಲಿ ಮೂರು ಭಾಷೆಯಲ್ಲಿ ಚೌಕಾಸಿ ಮಾಡುವ ಮುದುಕಿಯರನ್ನು ಕಂಡಾಗ ನನಗೆ ಇದು ನೆನಪಾಗುತ್ತದೆ.

ಮನೆಯವರು ಏನನ್ನು ಗಮನಿಸಬೇಕು

ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು, ಪರಿಚಯದವರ ಹೆಸರು ಬಾಯಿಗೆ ಬಾರದೆ ಸ್ವಲ್ಪ ಹೊತ್ತಿನ ಮೇಲೆ ನೆನಪಾಗುವುದು, ಇದು ವಯಸ್ಸಿನ ಸಹಜ ಮರೆವು. ಇದಕ್ಕೆ ಹೆದರಬೇಕಾಗಿಲ್ಲ. ಮುಖ್ಯವಾದದ್ದು ಬದಲಾವಣೆ. ಹತ್ತು ವರ್ಷದ ಹಿಂದೆ ಈ ಮನುಷ್ಯ ಹೇಗಿದ್ದ, ಈಗ ಹೇಗಿದ್ದಾನೆ, ಎಂದು ಹೋಲಿಸಬೇಕು. ಬೇರೆಯವರ ಮನೆಯ ಅಜ್ಜನೊಡನೆ ಹೋಲಿಸಿ ಪ್ರಯೋಜನವಿಲ್ಲ.

ಐವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈಗೆ ಎಸರು ಮೊದಲೋ ಹಿಟ್ಟು ಮೊದಲೋ ಎಂಬುದು ತಪ್ಪಿದರೆ ಅದು ಸಾಮಾನ್ಯ ಮರೆವಲ್ಲ. ಸಾರಿಗೆ ಎರಡು ಸಲ ಉಪ್ಪು ಬೀಳುವುದು ಯಾರಿಗೂ ಆಗುತ್ತದೆ. ವಾರಕ್ಕೆ ನಾಲ್ಕು ಸಲ ಬಿದ್ದು, ತಾನು ಹಾಕಲೇ ಇಲ್ಲವೆಂದು ಜಗಳವಾಡಿದರೆ ಯೋಚಿಸಬೇಕು. ಕಣ್ಣು ಸರಿಯಾಗಿದ್ದೂ ಲಂಬಾಣಿ ಕಸೂತಿಯ ನಡುವೆ ಮುಂದಿನ ಹೊಲಿಗೆ ಯಾವುದೆಂದು ತಿಳಿಯದೆ ಸೂಜಿ ಹಿಡಿದು ಕೂರುವುದು. ಕಾಲುವೆ ನೀರಿನ ಪಾಳಿ ಯಾವ ದಿನವೆಂದು ಊರಿಗೇ ಹೇಳುತ್ತಿದ್ದವರು ತಮ್ಮ ಪಾಳಿಯನ್ನೇ ತಪ್ಪಿಸಿಕೊಳ್ಳುವುದು. ಬಾಳೆಗೊನೆಯ ಹಣ ಎಣಿಸುವಾಗ ಐನೂರರ ನೋಟಿಗೂ ನೂರರ ನೋಟಿಗೂ ವ್ಯತ್ಯಾಸ ತಿಳಿಯದಿರುವುದು. ಕಮಲಾಪುರದಿಂದ ಹಂಪಿಗೆ ಸಾವಿರ ಸಲ ನಡೆದವರು ದಾರಿಯಲ್ಲಿ ನಿಂತು ಯಾವ ಕಡೆ ಎಂದು ಕೇಳುವುದು. ಹಣ ಕದ್ದರು, ಸೀರೆ ಕದ್ದರು ಎಂದು ಸೊಸೆಯ ಮೇಲೆ ದಿನವೂ ಅನುಮಾನಪಡುವುದು. ಈ ಕಡೆಯದರಿಂದ ಎಷ್ಟೋ ಮನೆಗಳು ಒಡೆದಿವೆ. ಅತ್ತೆ ಕೆಟ್ಟವಳೆಂದು ಸೊಸೆಯೂ, ಸೊಸೆ ಕಳ್ಳಿಯೆಂದು ನೆರೆಯವರೂ ತಿಳಿದಿರುತ್ತಾರೆ. ಮೆದುಳು ರೋಗಕ್ಕೆ ತುತ್ತಾಗಿದೆಯೆಂದು ಯಾರಿಗೂ ಹೊಳೆದಿರುವುದಿಲ್ಲ.

"ನಮ್ಮ ತಾತನಿಗೆ ನೆನಪು ಗಟ್ಟಿ, ತುಂಗಭದ್ರಾ ಅಣೆಕಟ್ಟು ಕಟ್ಟಿದ ಕತೆಯನ್ನು ಕಣ್ಣಿಗೆ ಕಟ್ಟಿದಂತೆ ಹೇಳುತ್ತಾನೆ" ಎಂದು ಕೆಲವರು ಧೈರ್ಯ ತಂದುಕೊಳ್ಳುತ್ತಾರೆ. ಅಣೆಕಟ್ಟು ಮುಗಿದದ್ದು 1953ರಲ್ಲಿ. ಈ ರೋಗದಲ್ಲಿ ಹಳೆಯ ನೆನಪು ಬಹುಕಾಲ ಉಳಿಯುತ್ತದೆ, ಹೊಸದು ನಿಲ್ಲುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋಗಿ, ನೀರೆಲ್ಲ ಹರಿದು ಹೋಗುತ್ತದೆಂದು ಊರೂರೇ ವಾರಗಟ್ಟಲೆ ಅದೇ ಮಾತಾಡಿತು. ಅದನ್ನು ಎತ್ತಿದಾಗ "ಯಾವ ಗೇಟು?" ಎಂದು ಹೊಸದಾಗಿ ಕೇಳಿದಂತೆ ಕೇಳುವ ರೈತ ಹಿರಿಯರಿದ್ದರೆ, 1953ರ ಕತೆ ಎಷ್ಟು ಚೆನ್ನಾಗಿ ಹೇಳಿದರೂ ಅವರನ್ನು ತೋರಿಸಬೇಕು. ಇದು ಮನೆಯವರಿಗೆ ಸುಳಿವೇ ಹೊರತು ವೈದ್ಯರ ಪರೀಕ್ಷೆಯಲ್ಲ.

ಹಾಗಾದರೆ 60 ದಾಟಿದ ಎಲ್ಲರನ್ನೂ ಪಂಚಾಯತಿ ಕಟ್ಟೆಗೆ ಕರೆದು ಸಾಲಾಗಿ ಪರೀಕ್ಷೆ ಮಾಡಿಸಬಾರದೇಕೆ ಎಂದು ಉತ್ಸಾಹಿಗಳು ಕೇಳುವುದುಂಟು. ತೊಂದರೆಯೇ ಕಾಣದವರನ್ನೆಲ್ಲ ಹೀಗೆ ಪರೀಕ್ಷಿಸುವುದರಿಂದ ಲಾಭ ಹೆಚ್ಚೋ ಹಾನಿ ಹೆಚ್ಚೋ ಹೇಳಲು ಆಧಾರ ಸಾಲದೆಂದು ಅಮೆರಿಕದ ತಜ್ಞರ ಸಮಿತಿಯೇ 2020ರಲ್ಲಿ ಅಭಿಪ್ರಾಯಪಟ್ಟಿತು. ನನಗೂ ಜಾತ್ರೆಯಂಥ ಶಿಬಿರಗಳ ಮೇಲೆ ನಂಬಿಕೆ ಕಡಮೆ. ಗದ್ದಲದಲ್ಲಿ ಕಿವಿ ಕೇಳದ ಮುದುಕನನ್ನು ನಿಲ್ಲಿಸಿ ಹತ್ತು ಜನರೆದುರು ಇವತ್ತು ಏನು ವಾರ ಎಂದು ಕೇಳಿದರೆ ನಾಚಿಕೆಯಿಂದಲೇ ಉತ್ತರ ತಪ್ಪುತ್ತದೆ. ಮನೆಯವರ ಕಣ್ಣಿಗೆ ಬದಲಾವಣೆ ಕಂಡವರನ್ನು ಸದ್ದಿಲ್ಲದೆ ಕರೆದುಕೊಂಡು ಹೋಗುವುದೇ ಮೇಲು.

ಆರೋಗ್ಯ ಕೇಂದ್ರಕ್ಕೆ ಹೋಗುವಾಗ

ಬೆಳಗಿನ ಹೊತ್ತು ಹೋಗಿ. ಸಂಜೆಯ ವೇಳೆಗೆ ಇಂಥ ರೋಗಿಗಳ ಗೊಂದಲ ಹೆಚ್ಚುತ್ತದೆ. ಮನೆಯಲ್ಲಿ ಅವರು ನುಂಗುವ ಎಲ್ಲ ಗುಳಿಗೆಗಳನ್ನೂ, ನಾಟಿ ಔಷಧಿ ಇದ್ದರೆ ಅದನ್ನೂ, ಒಂದು ಚೀಲದಲ್ಲಿ ಹಾಕಿ ಒಯ್ಯಿರಿ. ಕನ್ನಡಕ, ಕಿವಿಯ ಯಂತ್ರ ಇದ್ದರೆ ಹಾಕಿಸಿಯೇ ಕರೆದೊಯ್ಯಿರಿ. ಮರೆವು ಎಂದಿನಿಂದ, ಮೊದಲು ಕಂಡದ್ದೇನು, ಬಿದ್ದಿದ್ದರೇ, ಕುಡಿಯುತ್ತಾರೆಯೇ, ಎಂಬುದನ್ನು ಜೊತೆಯಲ್ಲಿ ಹೋಗುವವರು ಹೇಳಬಲ್ಲವರಾಗಿರಬೇಕು. ಊರಿಂದ ಹಬ್ಬಕ್ಕೆ ಬಂದ ಮಗನನ್ನು ಕಳುಹಿಸಿದರೆ ಅವನಿಗೇನೂ ಗೊತ್ತಿರುವುದಿಲ್ಲ.

ವೈದ್ಯರು ರಕ್ತದೊತ್ತಡ, ಸಕ್ಕರೆ ನೋಡುತ್ತಾರೆ. ಕಿವಿ ಕಣ್ಣು ನೋಡುತ್ತಾರೆ. ರಕ್ತಹೀನತೆ, ಥೈರಾಯ್ಡ್, ಬಿ-12 ಮುಂತಾದ ರಕ್ತಪರೀಕ್ಷೆಗಳನ್ನು ಮಾಡಿಸುತ್ತಾರೆ. ಬೇಕಾದರೆ ತಲೆಯ ಸ್ಕ್ಯಾನಿಗೆ ಜಿಲ್ಲಾ ಆಸ್ಪತ್ರೆಗೋ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಬರೆದುಕೊಡುತ್ತಾರೆ. 2022ರಲ್ಲಿ ರಾಜ್ಯ ಸರ್ಕಾರವೂ ನಿಮ್ಹಾನ್ಸ್ ಸಂಸ್ಥೆಯೂ ಸೇರಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದರು. ಲಕ್ವ, ತಲೆನೋವು, ಮೂರ್ಛೆ, ಡಿಮೆನ್ಶಿಯ ಈ ನಾಲ್ಕನ್ನು ಗುರುತಿಸಲು ಪ್ರಾಥಮಿಕ ಕೇಂದ್ರದ ವೈದ್ಯರಿಗೆ ತರಬೇತಿ ಕೊಡುವುದು ಅದರ ಉದ್ದೇಶ. ಮೊದಲು ಬೆಂಗಳೂರಿನ ಜಯನಗರ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ನಡೆದು ಅನಂತರ ಬೇರೆ ಜಿಲ್ಲೆಗಳ ಆಸ್ಪತ್ರೆಗಳಿಗೂ ಹಬ್ಬಿತು. ಜಿಲ್ಲಾ ಆಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಚಿಕಿತ್ಸಾಲಯ ಯಾವ ವಾರ, ಎಷ್ಟು ಗಂಟೆಗೆ ಎಂಬುದನ್ನು ಮೊದಲು ನಿಮ್ಮ ಕೇಂದ್ರದಲ್ಲಿ ಕೇಳಿಕೊಂಡು ಹೊರಡಿ. ಬಸ್ಸಿನ ಖರ್ಚು ಉಳಿಯುತ್ತದೆ.

ಡಿಮೆನ್ಶಿಯ ಎಂದೇ ತೀರ್ಮಾನವಾದರೆ ಅದನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಡೊನೆಪೆಜಿಲ್ ಮೊದಲಾದ ಗುಳಿಗೆಗಳಿಂದ ಕೆಲವರಿಗೆ ಕೆಲವು ಕಾಲ ಚಿಹ್ನೆಗಳು ತುಸು ಹಗುರಾಗುತ್ತವೆ, ಅಷ್ಟೆ. ನೆನಪಿನ ಶಕ್ತಿ ಮರಳಿಸುತ್ತೇವೆಂದು ಸಾವಿರಾರು ರೂಪಾಯಿಗೆ ಡಬ್ಬಿ ಮಾರುವವರನ್ನು ನಂಬಿ ಹಣ ಕಳೆದುಕೊಳ್ಳಬೇಡಿ. ಗುಣವಿಲ್ಲವೆಂದ ಮೇಲೆ ತೋರಿಸಿ ಫಲವೇನು ಎನ್ನಬಹುದು. ರಕ್ತದೊತ್ತಡ, ಸಕ್ಕರೆ ಹತೋಟಿಗೆ ಬಂದರೆ ಮೆದುಳಿಗೆ ಆಗುವ ಮತ್ತಷ್ಟು ಪೆಟ್ಟು ತಪ್ಪುತ್ತದೆ. ರೋಗದ ಹೆಸರು ತಿಳಿದರೆ ಮನೆಯವರ ಸಿಟ್ಟು ಇಳಿಯುತ್ತದೆ. ಇನ್ನೂ ತಿಳಿವಳಿಕೆ ಇರುವಾಗಲೇ ಹಿರಿಯರು ತಮ್ಮ ಹೊಲ ಮನೆಯ ವಿಚಾರವನ್ನು ತಮ್ಮ ಬಾಯಿಂದಲೇ ಹೇಳಬಹುದು. ಈ ಮೂರೂ ಸಣ್ಣವಲ್ಲ.

ಹೊಲದ ಮಾತು ಬಂದುದರಿಂದ ಒಂದನ್ನು ಸ್ಪಷ್ಟವಾಗಿ ಹೇಳಬೇಕು. ಬುದ್ಧಿ ಸ್ಥಿಮಿತದಲ್ಲಿಲ್ಲದವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರ ನ್ಯಾಯಾಲಯದಲ್ಲಿ ನಿಲ್ಲದು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ, 2007ರ ಹಿರಿಯ ನಾಗರಿಕರ ಕಾಯಿದೆಯ ಪ್ರಕಾರ ಉಪವಿಭಾಗಾಧಿಕಾರಿಯವರ ಮುಂದೆ ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಪತ್ರದಲ್ಲಿಯೇ ಬರೆದಿರಬೇಕೆಂಬುದು ನೆನಪಿರಲಿ.

ಇನ್ನೂ ರೋಗ ಬಾರದವರಿಗೆ ಒಂದು ಮಾತು. 2024ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞರು ಲೆಕ್ಕ ಹಾಕಿದಂತೆ, 14 ಕಾರಣಗಳನ್ನು ನಿವಾರಿಸಿದರೆ ಲೋಕದ ಡಿಮೆನ್ಶಿಯದಲ್ಲಿ 100ಕ್ಕೆ 45 ಪಾಲನ್ನು ತಡೆಯಬಹುದು ಅಥವಾ ಮುಂದೂಡಬಹುದು. ಚಿಕ್ಕಂದಿನ ಓದು, ನಡುವಯಸ್ಸಿನ ರಕ್ತದೊತ್ತಡ, ಸಕ್ಕರೆ, ಬೊಜ್ಜು, ಕೊಬ್ಬು, ಬೀಡಿ, ಕುಡಿತ, ತಲೆಯ ಪೆಟ್ಟು, ಕಿವುಡು, ಕಣ್ಣಿನ ಪೊರೆ, ಖಿನ್ನತೆ, ಒಂಟಿತನ, ಮೈ ಬಗ್ಗಿಸದಿರುವುದು, ಹೊಗೆ ಧೂಳು, ಇವೇ ಅವು. ಸಂಡೂರಿನ ಅದಿರು ರಸ್ತೆಯ ಪಕ್ಕದವರಿಗೆ ಧೂಳಿನ ಮಾತು ಬೇರೆ ಹೇಳಬೇಕಾಗಿಲ್ಲ. ಹೆಲ್ಮೆಟ್ ಹಾಕಿಕೊಳ್ಳುವುದು, 30 ದಾಟಿದ ಮೇಲೆ ರಕ್ತದೊತ್ತಡ ನೋಡಿಸಿಕೊಳ್ಳುವುದು, ಕೊಟ್ಟ ಗುಳಿಗೆಯನ್ನು ಬಿಡದಿರುವುದು ನಮ್ಮ ಕೈಯಲ್ಲೇ ಇದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ಮತ್ತೆ ಮತ್ತೆ ಪರೀಕ್ಷಿಸುವ ಅಧ್ಯಯನವೊಂದನ್ನು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 2018ರಲ್ಲಿ ಆರಂಭಿಸಿದರು. ಕನ್ನಡದ ಹಳ್ಳಿಯವರ ಮೆದುಳು ಹೇಗೆ ಮುಪ್ಪಾಗುತ್ತದೆಂಬುದು ಅಲ್ಲಿಂದ ತಿಳಿದುಬರಬೇಕಾಗಿದೆ.

ಮನೆಯಲ್ಲಿ ಇಟ್ಟುಕೊಳ್ಳುವ ಎಚ್ಚರ

ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರಿನಲ್ಲಿ ಹುಟ್ಟಿದ ಹಿರಿಯರೊಬ್ಬರು ಸಂಜೆಯಾದರೆ "ಊರಿಗೆ ಹೋಗಬೇಕು, ಅವ್ವ ಕಾಯ್ತಿರ್ತಾಳ" ಎಂದು ಹೊರಟು ನಿಂತರೆ ಏನು ಹೇಳುವಿರಿ? "ಆ ಊರು ಮುಳುಗಿ ಎಪ್ಪತ್ತು ವರ್ಷವಾಯಿತು, ನಿಮ್ಮವ್ವ ಸತ್ತು ಐವತ್ತು ವರ್ಷವಾಯಿತು" ಎಂದರೆ ಅವರಿಗೆ ಅದು ಇವತ್ತೇ ಕೇಳಿದ ಸಾವಿನ ಸುದ್ದಿ. ನಾಳೆ ಮತ್ತೆ ಹೇಳಿದರೆ ಮತ್ತೆ ಅಳುತ್ತಾರೆ. ವಾದ ಮಾಡಬೇಡಿ. "ಆಗಲಿ, ರೊಟ್ಟಿ ತಿಂದು ಹೋಗೋಣ, ನಿಮ್ಮೂರಾಗ ಏನೇನು ಬೆಳೀತಿದ್ರಿ?" ಎಂದು ಮಾತು ಬೇರೆ ಕಡೆ ತಿರುಗಿಸಿ. ಮನಸ್ಸು ತಣಿಯುತ್ತದೆ.

ಕೀಟನಾಶಕದ ಡಬ್ಬಿಗಳನ್ನು ಬೀಗ ಹಾಕಿಡಿ. ಇದನ್ನು ನಾನು ಎಲ್ಲರಿಗೂ ಹೇಳುತ್ತಲೇ ಇದ್ದೇನೆ. ಮರೆವಿನವರಿರುವ ಮನೆಗೆ ಎರಡು ಸಲ ಹೇಳುತ್ತೇನೆ. ಔಷಧಿಯ ಗುಳಿಗೆ ಅವರ ಕೈಗೆ ಕೊಡಬೇಡಿ, ಎದುರಿಗೆ ನುಂಗಿಸಿ. ಒಲೆ, ಗ್ಯಾಸಿನ ಬಳಿ ಒಂಟಿಯಾಗಿ ಬಿಡಬೇಡಿ. ಸಂಧ್ಯಾ ಸುರಕ್ಷಾ ಪಿಂಚಣಿ ತರಲು ಒಬ್ಬರನ್ನೇ ಕಳುಹಿಸಬೇಡಿ. ಬಚ್ಚಲಿಗೆ ಹಿಡಿಕೆ ಹಾಕಿಸಿ. ಹಗಲು ಅವರಿಗೆ ಆಗುವ ಕೆಲಸ ಕೊಡಿ: ಶೇಂಗಾ ಸುಲಿಯುವುದು, ಅವರೆ ಬಿಡಿಸುವುದು, ಹೂ ಕಟ್ಟುವುದು. ತಪ್ಪಾದರೂ ಚಿಂತೆಯಿಲ್ಲ. ನೋಡಿಕೊಳ್ಳುವ ಹೆಂಗಸು ಹಗಲೂ ರಾತ್ರಿ ಒಬ್ಬಳೇ ಆಗದಂತೆ ಗಂಡಸರು ಪಾಳಿ ಹಾಕಿಕೊಳ್ಳಬೇಕು. ನೀರಿಗೆ ಪಾಳಿ ಹಾಕುವವರಿಗೆ ಇದೇನು ಕಷ್ಟ?

ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಭಯ ಕಾಲುವೆಯದು. ಮನೆಯಿಂದ ಹೊರಟ ಮರೆವಿನವರು ನೀರಿನ ದಂಡೆ ಹಿಡಿದರೆ ಗತಿಯೇನು? ಅಂಗಿಯ ಒಳಜೇಬಿಗೆ ಅಥವಾ ರವಿಕೆಯ ಅಂಚಿಗೆ ಹೆಸರು, ಊರು, ಮನೆಯವರ ಫೋನ್ ನಂಬರು ಬರೆದ ಬಟ್ಟೆಯ ತುಂಡನ್ನು ಹೊಲಿದುಬಿಡಿ. ಒಂದು ಇತ್ತೀಚಿನ ಫೋಟೋ ಮನೆಯಲ್ಲಿರಲಿ. ನೆರೆಯವರಿಗೆ, ಚಹಾದಂಗಡಿಯವರಿಗೆ, ಆಟೋದವರಿಗೆ ಮೊದಲೇ ಹೇಳಿಡಿ, ಮುಚ್ಚಿಟ್ಟರೆ ಹುಡುಕುವವರಿಲ್ಲ. ಕಾಣೆಯಾದರೆ ಸಂಜೆಯವರೆಗೆ ಕಾಯದೆ 112ಕ್ಕೆ ಫೋನ್ ಮಾಡಿ, ಮೊದಲು ಕಾಲುವೆಯ ದಂಡೆ, ಆಮೇಲೆ ಅವರು ಹಿಂದೆ ಕೆಲಸ ಮಾಡಿದ ಹೊಲ, ಹಳೆಯ ಮನೆ, ಬಸ್ ನಿಲ್ದಾಣಗಳಲ್ಲಿ ಹುಡುಕಿ. ಹಿರಿಯರ ಸಹಾಯವಾಣಿ 14567. ಮನಸ್ಸಿಗೆ ಸಂಬಂಧಿಸಿದ ಸಲಹೆಗೆ, ನೋಡಿಕೊಳ್ಳುವವರ ಬೇಸರಕ್ಕೂ ಸಹ, 14416. ಎರಡಕ್ಕೂ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.